ತಲೆಹನಿ ಬಂಡೆ

ಹಿರೇಕಣಿವೆಯ ಹಳ್ಳ ದಾಟಿ ಜಾಲಿಮರಗಳ ನಡುವೆ ಅರ್ಧ ಹರದಾರಿ ನಡೆದರೆ ಒಂದು ಬೋಳುಬಂಡೆ ಸಿಗುತ್ತದೆ. ಅದರ ನಡುವೆ ಒರಳಿನಷ್ಟು ಕುಳಿ. ಇದೇ ತಲೆಹನಿ ಬಂಡೆ. ಭಟ್ಟಿಯಿಂದ ಮೊಟ್ಟಮೊದಲು ಇಳಿಯುವ ಸಾರಾಯಿಗೆ ಈ ಕಡೆಯವರು ತಲೆಹನಿ ಎನ್ನುತ್ತಾರೆ. ಮೂಗಿಗೆ ಘಮ್ಮೆನ್ನುತ್ತದೆ, ಹೊಟ್ಟೆಗೆ ಇಳಿದರೆ ವಿಷ. ಅದನ್ನು ನೆಲಕ್ಕೆ ಚೆಲ್ಲಿ, ಆಮೇಲೆ ಇಳಿದದ್ದನ್ನಷ್ಟೇ ಮಡಕೆಗೆ ಹಿಡಿಯುವುದು ಹಿಂದಿನವರ ಪದ್ಧತಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗಿರಿಯಕ್ಕ ಎಂಬ ವಿಧವೆ ಇಲ್ಲಿ ಭಟ್ಟಿ ಇಳಿಸುತ್ತಿದ್ದಳು. ಹುಳಿಯಲು ಇಟ್ಟ ಬೆಲ್ಲದ ಕೊಳೆ ಹದಕ್ಕೆ ಬಂದದ್ದನ್ನು ವಾಸನೆಯಲ್ಲೇ ಹೇಳುವ ಗಟ್ಟಿಗಿತ್ತಿ. ಆಗ ಪಟ್ಟಕ್ಕೆ ಬಂದವನು ಮೀಸೆ ಚಿಗುರದ ದೊರೆ. ಮೊದಲ ತೆನೆ, ಮೊದಲ ಮಾವು, ಮೊದಲ ಗಿಣ್ಣು, ಯಾವುದೇ ಇರಲಿ, ಮೊದಲಿನದು ಅರಮನೆಗೆ ಸಲ್ಲಬೇಕೆಂಬುದು ಆ ಮನೆತನದ ಕಟ್ಟಳೆ. ಪಾರುಪತ್ಯಗಾರ ತಿಪ್ಪರಸ ಭಟ್ಟಿಯ ಮುಂದೆಯೇ ಬಂದು ಕುಳಿತು ತಲೆಹನಿ ಕೇಳಿದ. ಅದು ವಿಷವೆಂದು ಗಿರಿಯಕ್ಕ ಬಿಡಿಸಿ ಬಿಡಿಸಿ ಹೇಳಿದಳು. ಯಾರು ಕೇಳಬೇಕು! ಒಳ್ಳೆಯದನ್ನು ಬಚ್ಚಿಟ್ಟು ಉಳಿದದ್ದನ್ನು ದೊರೆಗೆ ದಾಟಿಸುವ ಹುನ್ನಾರವೆಂದು ಅವನು ಗದರಿದ. ಚೆಂಬು ತುಂಬಿಸಿ, ಅವಳ ಕೈಗೇ ಕೊಟ್ಟು, ಅರಮನೆಗೆ ನಡೆಸಿದ. ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ದೊರೆ ಕುಡಿದು ಸತ್ತರೆ ಕೇರಿಗೇ ಬೆಂಕಿ ಇಡುತ್ತಾರೆ. ಚೆಲ್ಲಿದರೆ ನಾಳೆ ಮತ್ತೆ ಬಂದು ತುಂಬಿಸಿಕೊಳ್ಳುತ್ತಾರೆ. ಅತ್ತ ದರಿ, ಇತ್ತ ಪುಲಿ.

ಚಾವಡಿಯಲ್ಲಿ ದೊರೆಯ ಎದುರಿಗೂ ಅವಳು ಅದನ್ನೇ ಹೇಳಿದಳು. ತಿಪ್ಪರಸ ನಕ್ಕ. ದೊರೆಗೆ ತಂದದ್ದನ್ನು ತಂದವರೇ ಮೊದಲು ರುಚಿ ನೋಡಬೇಕೆಂಬುದು ಅಲ್ಲಿನ ಇನ್ನೊಂದು ಕಟ್ಟಳೆ. ಒಂದು ಗುಟುಕು ಕುಡಿ ಎಂದ. ಗಿರಿಯಕ್ಕ ಚೆಂಬೆತ್ತಿದವಳು ಇಳಿಸಲೇ ಇಲ್ಲ. ದೊರೆಯ ಪಾಲಿಗೆ ಒಂದು ಹನಿಯೂ ಉಳಿಯದಂತೆ ಅಷ್ಟನ್ನೂ ಕುಡಿದಳು. ಎಂಥ ಆಸೆಬುರುಕಿ ಎಂದು ಚಾವಡಿಯೇ ನಕ್ಕಿತಂತೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕಣ್ಣು ಮಂಜಾಯಿತು, ಸಂಜೆಗೆ ಪೂರ್ತಿ ಹೋಯಿತು. ಸುದ್ದಿ ಕೇಳಿ ದೊರೆ ಅವಳ ಗುಡಿಸಲಿಗೇ ಬಂದ. ಏನು ಬೇಕೋ ಕೇಳು, ಕೊಡುತ್ತೇನೆ ಎಂದ.

“ಬಾಯಲ್ಲಿ ಹೇಳಿದಾಗಲೇ ನಂಬಿದ್ದರೆ ಸಾಕಿತ್ತು, ಬುದ್ಧಿ” ಎಂದಳು ಗಿರಿಯಕ್ಕ. ಬೇರೇನೂ ಕೇಳಲಿಲ್ಲ.

ಅಂದಿನಿಂದ ಸೀಮೆಯ ತಲೆಹನಿಯನ್ನೆಲ್ಲ ಈ ಬಂಡೆಯ ಕುಳಿಗೆ ಸುರಿಯಬೇಕೆಂದು ಅಪ್ಪಣೆಯಾಯಿತು ಎನ್ನುತ್ತಾರೆ. ಭಟ್ಟಿಗಳು ಎಂದೋ ನಿಂತುಹೋದವು. ಕುಳಿಯ ಪಕ್ಕದಲ್ಲಿ ಕಡೆದ ಮೂರು ಸಾಲು ಇಂದಿಗೂ ಕಾಣುತ್ತವೆ: ದೊರೆಯವರು ತಮಗೆ ಸಲ್ಲಬೇಕಾದ ಮೊದಲ ಪಾಲನ್ನು ದೊಡ್ಡ ಮನಸ್ಸಿನಿಂದ ಭೂಮಿತಾಯಿಗೆ ಬಿಟ್ಟುಕೊಟ್ಟರು. ಗಿರಿಯಕ್ಕನ ಹೆಸರು ಅದರಲ್ಲಿಲ್ಲ. ನೋಡಲು ಬಂದವರು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.