ಹಾಲಹಳ್ಳದ ಪಾದೋದಕ

ಪೂಜ್ಯ ಅಡವಯ್ಯಜ್ಜನವರು ಮಠ ಕಟ್ಟಿದವರಲ್ಲ. ಗುಡ್ಡದಿಂದ ತಿಳಿಯಾಗಿ ಇಳಿದು ಪೇಟೆಯ ನಡುವೆ ಹಾಯುವ ಹಾಲಹಳ್ಳದ ದಂಡೆಯಲ್ಲಿ, ಕೆಳಗಿನ ಓಣಿಯ ಬಡವರ ನಡುವೆ, ತಗಡಿನ ಗುಡಿಸಲೊಂದೇ ಅವರ ಮಠ. ತಮ್ಮ ಕಾವಿಯನ್ನು ದಿನವೂ ತಾವೇ ಆ ಹಳ್ಳದಲ್ಲಿ ಒಗೆದುಕೊಳ್ಳುತ್ತಿದ್ದರು. ಹಳ್ಳದ ಮೇಲ್ಭಾಗದಲ್ಲಿ ನೂಲಿಗೆ ಬಣ್ಣ ಹಾಕುವ ಮುರಿಗೆಪ್ಪನ ಕಾರ್ಖಾನೆ, ಅದರ ಕೆಳಗೇ ಅವನ ಮನೆ. "ಅಲ್ಲಿ ಇವತ್ತ ಯಾವ ಬಣ್ಣ ಕುದಿಸ್ಯಾರ ಅಂತ ಅಜ್ಜಾರ ಅರಿವಿ ನೋಡಿದ್ರ ತಿಳೀತೈತಿ" ಎಂದು ಓಣಿಯವರು ನಗುತ್ತಿದ್ದರು. ಅಜ್ಜನವರೂ ನಗುತ್ತಿದ್ದರು.

ಮುರಿಗೆಪ್ಪ ಕೆಟ್ಟವನಲ್ಲ. ಹಳ್ಳ ಇರುವುದೇ ಹೊಲಸು ಒಯ್ಯುವುದಕ್ಕೆ ಎಂದು ಊರೆಲ್ಲ ನಂಬಿದಂತೆ ಅವನೂ ನಂಬಿದ್ದ, ಅಷ್ಟೇ. ಅವನ ಜೀವ ಹಿಂಡುತ್ತಿದ್ದ ಸಂಕಟವೇ ಬೇರೆ. ಸೊಸೆ ಸಂಗವ್ವನಿಗೆ ಬಸಿರು ನಿಲ್ಲುತ್ತಿರಲಿಲ್ಲ; ಈಗ ಮತ್ತೆ ಗರ್ಭಿಣಿ. ಅಜ್ಜನವರ ಪಾದೋದಕ ಅವಳ ಬಾಯಿಗೆ ಬಿದ್ದರೆ ಕೂಸು ಉಳಿದೀತೆಂದು ಗುಡಿಸಲಿಗೆ ಬಂದು, ಮನೆಗೆ ದಯಮಾಡಿಸಬೇಕೆಂದು ಕಾಲಿಗೆರಗಿದ.

"ಬರ್ತೀನಪ್ಪ. ಪಾದಪೂಜಿಗೆ ನಿನ್ನ ಹಿತ್ತಲದಾಗ ಹರಿಯೂ ಹಳ್ಳದ ನೀರ ಇರಲಿ."

ಅಜ್ಜನವರ ಮಾತು ಮೀರುವುದುಂಟೆ? ಸೋಮವಾರ ತಾಮ್ರದ ಕೊಡದಲ್ಲಿ ಹಳ್ಳದ ನೀರೇ ಬಂತು. ಪಾದ ತೊಳೆದ ನೀರು ತಾಟಿನಲ್ಲಿ ಕಡುನೀಲಿಯಾಗಿ ನಿಂತಿತು. ಅದನ್ನೇ ಬಟ್ಟಲಲ್ಲಿ ತುಂಬಿಕೊಂಡದ್ದಾಯಿತು. ಸಂಗವ್ವ ತಲೆಯ ಮೇಲೆ ಸೆರಗು ಹೊದ್ದು ಭಕ್ತಿಯಿಂದ ಅಂಗೈ ಚಾಚಿದಳು. ಮುರಿಗೆಪ್ಪನ ಕೈ ಮಾತ್ರ ಮುಂದೆ ಬಾರದು.

"ಅಜ್ಜಾರ, ಇದನ್ನ ಹೆಂಗ ಕುಡಿಸ್ಲಿರಿ? ಆಕಿ ಹೊಟ್ಯಾಗ ಕೂಸೈತ್ರಿ."

ಅಜ್ಜನವರು ಸಿಟ್ಟಾಗಲಿಲ್ಲ. ಸಂಗವ್ವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ನುಡಿದರು: "ಕೆಳಗಿನ ಓಣ್ಯಾಗೂ ಬಸರ ಹೆಣ್ಮಕ್ಕಳು ಅದಾರಪ್ಪ. ಅವರು ದಿನಾ ಇದನ್ನ ತುಂಬ್ಕೊಂಡ ಹೋಗ್ತಾರ."

ಮುರಿಗೆಪ್ಪ ಬಟ್ಟಲು ಕೆಳಗಿಟ್ಟು ಅಲ್ಲೇ ಕುಸಿದು ಅತ್ತುಬಿಟ್ಟ. ಅಜ್ಜನವರು ಆ ನೀರನ್ನು ಯಾರಿಗೂ ಕೊಡಗೊಡದೆ, ಬರಿಯ ಆಶೀರ್ವಾದ ಮಾಡಿ ಎದ್ದರು.

ಅಂದೇ ಕಾರ್ಖಾನೆಯ ಒಲೆಗಳು ಆರಿದವು. ಬಣ್ಣದ ನೀರಿಗೆ ಗಚ್ಚಿನ ಹೊಂಡಗಳಾಗುವವರೆಗೆ ಅವು ಮತ್ತೆ ಉರಿಯಲಿಲ್ಲ. ಅವನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡವರೂ ಬರಬರುತ್ತ ನಾಚಿ, ತಮ್ಮ ತಮ್ಮ ಮೋರಿಗಳನ್ನು ಹಳ್ಳದಿಂದಾಚೆ ತಿರುಗಿಸಿದರು.

ಮರುವರ್ಷ ಅಜ್ಜನವರು ಕರೆಯದೆಯೇ ದಯಮಾಡಿಸಿದರು. ಅವರ ಕಾವಿ ಈಗ ಕಾವಿಯಾಗಿಯೇ ಇತ್ತು. ಮುರಿಗೆಪ್ಪ ತಾನೇ ಹಳ್ಳಕ್ಕಿಳಿದು ಕೊಡ ತುಂಬಿ ತಂದು ಅವರ ಪಾದ ತೊಳೆದ. ಕೂಡಿದ್ದ ಕೆಳಗಿನ ಓಣಿಯ ತಾಯಂದಿರಿಗೆ ಮೊದಲು ಪಾದೋದಕ ಕೊಟ್ಟು, ಆಮೇಲೆ ಸೊಸೆಯತ್ತ ತಿರುಗಿದ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಸಂಗವ್ವ ಅಂಗೈ ಚಾಚಿದಳು. ಈ ಸಲ ಅವನ ಕೈ ತಡೆಯಲಿಲ್ಲ.