ಯಾರೂ ತರಿಸದ ಪ್ರಬಂಧ

ತಿಪ್ಪೇಸ್ವಾಮಿ ಮೇಷ್ಟ್ರ ಬಳಿ ಓಬಮ್ಮ ಸಂಶೋಧನೆಗೆ ಸೇರಿ ಎರಡು ವರ್ಷವಾಗಿತ್ತು. ಕಂಬಳಿ ನೇಯುವವರ ಬದುಕು ಅವಳ ವಿಷಯ. ಹಟ್ಟಿಹಟ್ಟಿ ತಿರುಗಿ ಚಪ್ಪಲಿ ಸವೆಸಿದ್ದಳು.

ಒಂದು ದಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೇರೆ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಪಟ್ಟಿ ನೋಡುತ್ತಿದ್ದಾಗ ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು. ಅದೇ ವಿಷಯ. ಬರೆದವನು ಬೋರಯ್ಯ. ಇಪ್ಪತ್ತಾರು ವರ್ಷದ ಹಿಂದೆ.

ಪಟ್ಟಿ ಮುಚ್ಚಿಟ್ಟು ಮೇಷ್ಟ್ರ ಮುಂದೆ ಬಂದು ನಿಂತಳು.

"ಎರವಲು ತರಿಸು," ಅಂದರು ಮೇಷ್ಟ್ರು.

"ತರಿಸಿದ್ರೆ ನನ್ನ ಕೆಲಸ ಅಲ್ಲಿಗೆ ಮುಗೀತು ಮೇಷ್ಟ್ರೆ. ಎರಡು ವರ್ಷ ಮಣ್ಣುಪಾಲು."

"ತರಿಸದಿದ್ರೆ?"

"ಯಾರಿಗೆ ಗೊತ್ತಾಗುತ್ತೆ? ಇಷ್ಟು ದಿನ ಯಾರು ಕೇಳಿದ್ರು ಅದನ್ನ?"

ಮೇಷ್ಟ್ರಿಗೆ ಸಿಟ್ಟು ಬಂತು. "ಈ ಕಪಾಟು ತುಂಬಿರೋದೇ ಹಿಂದಿನವರನ್ನ ಓದದೆ ಬರೆದವರಿಂದ. ನೀನೂ ಒಬ್ಬಳು ಸೇರ್ಕೊ. ಜಾಗ ಇನ್ನೂ ಇದೆ."

ಓಬಮ್ಮ ತಲೆ ತಗ್ಗಿಸಿ ಎರವಲು ಅರ್ಜಿ ಬರೆದಳು.

ಹನ್ನೆರಡನೇ ದಿನ ಅಂಚೆಯಲ್ಲಿ ಕಟ್ಟು ಬಂತು. ಮನೆಗೆ ಒಯ್ಯುವಂತಿಲ್ಲ, ಗ್ರಂಥಾಲಯದಲ್ಲೇ ಕೂತು ಓದಬೇಕು. ರಟ್ಟಿನ ಒಳಗೆ ಅಂಟಿಸಿದ್ದ ಎರವಲು ತಾರೀಖಿನ ಚೀಟಿಯಲ್ಲಿ ಒಂದು ಮೊಹರೂ ಇರಲಿಲ್ಲ. ಇಪ್ಪತ್ತಾರು ವರ್ಷ ಒಬ್ಬರೂ ಮುಟ್ಟಿರಲಿಲ್ಲ. ಒಬ್ಬ ಮನುಷ್ಯನ ದುಡಿಮೆಗೆ ನಮ್ಮ ಪಂಡಿತರು ಕೊಟ್ಟ ಮರ್ಯಾದೆ ಅದು.

ಮೊದಲ ಅಧ್ಯಾಯ ಕುರಿ. ಎರಡನೆಯದು ಉಣ್ಣೆ. ಮೂರನೆಯದು ಮಗ್ಗ. ಓಬಮ್ಮನವೂ ಅವೇ. ಪುಟ ಮಗುಚಿದಂತೆ ಅವಳ ಮುಖ ಬಾಡಿತು.

"ಎಲ್ಲ ಬರೆದುಬಿಟ್ಟಿದ್ದಾನೆ ಮೇಷ್ಟ್ರೆ ಈ ಮಹಾರಾಯ. ನೂಲಿಗೆ ಹಾಕೋ ಹುಣಸೆಬೀಜದ ಗಂಜಿಯನ್ನೂ ಬಿಟ್ಟಿಲ್ಲ."

ಎದುರಿಗೆ ಕೂತಿದ್ದ ಮೇಷ್ಟ್ರು ಪ್ರಬಂಧವನ್ನು ಬೋರಲು ಹಾಕಿದರು. ಹಿಂದಿನಿಂದ ತೆರೆದು ಅವಳ ಮುಂದೆ ತಳ್ಳಿದರು.

'ಮುಂದಿನ ಸಂಶೋಧನೆಗೆ ಅವಕಾಶ' ಎಂದು ಒಂದು ಪುಟ. ಎಲ್ಲರೂ ಶಾಸ್ತ್ರಕ್ಕೆ ಬರೆಯುವ, ಯಾರೂ ಓದದ ಪುಟ. ಬೋರಯ್ಯ ಶಾಸ್ತ್ರಕ್ಕೆ ಬರೆದಿರಲಿಲ್ಲ.

"ಉಣ್ಣೆ ನೂಲುವವರು ಹೆಂಗಸರು. ನಾನು ಹೋದಲ್ಲೆಲ್ಲ ಸೆರಗು ಎಳೆದುಕೊಂಡು ಒಳಗೆ ಹೋದರು. ಬಾಗಿಲಲ್ಲೇ ನಿಂತು ಹಿಂದಿರುಗಿದೆ. ಅವರ ನೂಲಿಲ್ಲದೆ ಕಂಬಳಿಯಿಲ್ಲ. ಆದರೆ ಈ ಪ್ರಬಂಧದಲ್ಲಿ ಅವರಿಲ್ಲ. ಯಾರಾದರೂ ಹೆಣ್ಣುಮಗಳು ಈ ಕೆಲಸ ಮಾಡಬೇಕು."

ಓಬಮ್ಮ ಎರಡು ಸಲ ಓದಿದಳು. ಅವಳ ಅಜ್ಜಿ, ಅವ್ವ, ಚಿಕ್ಕವ್ವ ಎಲ್ಲರೂ ನೂಲುವವರೇ. ಎರಡು ವರ್ಷ ಗಂಡಸರ ಮಗ್ಗದ ಮುಂದೆ ಕೂತು ಬರೆದುಕೊಂಡವಳು ಅವ್ವನನ್ನು ಒಂದು ಮಾತೂ ಕೇಳಿರಲಿಲ್ಲ.

ಜೋರಾಗಿ ನಕ್ಕುಬಿಟ್ಟಳು.

"ಇದು ಓದೋ ಜಾಗ ಕಣಮ್ಮ," ಗ್ರಂಥಪಾಲಕಿ ಕನ್ನಡಕದ ಮೇಲಿಂದ ಗದರಿದರು.

"ಓದಿದ್ದಕ್ಕೇ ನಗ್ತಿರೋದು ಮೇಡಂ."

ಗ್ರಂಥಪಾಲಕಿಗೂ ನಗು ತಡೆಯಲಾಗಲಿಲ್ಲ.

ಓಬಮ್ಮ ಕಣ್ಣೊರೆಸಿಕೊಂಡು ಕೇಳಿದಳು, "ಹಾಗಾದ್ರೆ ನಾನು ಮೊದಲಿಂದ ಶುರು ಮಾಡ್ಬೇಕಾ ಮೇಷ್ಟ್ರೆ?"

"ಮೊದಲಿಂದ ಯಾಕೆ? ಬಾಗಿಲವರೆಗೆ ಬೋರಯ್ಯ ನಡೆದಾಗಿದೆ. ನೀನು ಒಳಗೆ ಹೋಗು."