ಬೀಸುವ ಕಲ್ಲಿನ ಗೂಟ

"ಗುರುಗಳೇ, ಇನ್ನೊಬ್ಬರ ನೋವು ಕಳೆಯಲು ಹೊರಟವರು ಕೋಪ ಮಾಡಿಕೊಳ್ಳಬಹುದೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ದೊಡ್ಡ ಮನೆ. ಆ ಮನೆಯ ಸೊಸೆಗೆ ತಲೆನೋವು. ನೋವು ಯಾವಾಗಲೂ ಬಲಗಡೆಗೇ, ಕಣ್ಣಿನ ಹಿಂದೆ. ಆರು ವರ್ಷ ಶುಂಠಿ ತೇದು ಹಚ್ಚಿದರು. ಕಡಿಮೆಯಾಗದಿದ್ದಾಗ ಕುಡುಗೋಲು ಕಾಯಿಸಿ ಹಣೆಗೆ ಬರೆ ಹಾಕಿದರು. ಮರುವರ್ಷ ಇನ್ನೊಂದು. ಎರಡು ಸಲವೂ ಅತ್ತೆಯೇ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಸ್ವಲ್ಪ ತಡಕೋ ಮಗಳೇ" ಎಂದಳು. ಮೂರನೆಯದನ್ನು ಕಣ್ಣಿನ ಅಂಚಿಗೇ ಹಾಕುವುದೆಂದು ನಿಶ್ಚಯವಾಯಿತು.

ಅದಕ್ಕೆ ಮೊದಲು ಉಳುಕು ತೆಗೆಯುವ ಮುದುಕಿಯೊಬ್ಬಳನ್ನು ಕರೆಸಿದರು. ಮುದುಕಿ ಹಣೆ ಮುಟ್ಟಲಿಲ್ಲ. ತಲೆಬುರುಡೆ ಮುಗಿದು ಕತ್ತು ಶುರುವಾಗುವಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದಳು.

"ಅದೇ ನೋವು! ಕಣ್ಣಿನ ಹಿಂದೆ ಬಂತು!" ಎಂದು ಸೊಸೆ ಚೀರಿದಳು.

ಮುದುಕಿ ಎಣ್ಣೆಗೈಯಲ್ಲಿ ಕತ್ತನ್ನು ನೀವಿ ಸಡಿಲಿಸಿದಳು. ನೋವು ಹೋಯಿತು. ಎಂಟು ದಿನಕ್ಕೆ ಮರಳಿತು. ಮತ್ತೆ ನೀವಿದಳು. ಮತ್ತೆ ಮರಳಿತು.

ಮೂರನೆಯ ಸಲ ಮುದುಕಿ ಹೇಳಿಕಳಿಸದೆ ಬೆಳಿಗ್ಗೆಯೇ ಬಂದಳು. ಮೂರನೆಯ ಬರೆಗೆಂದು ಒಲೆಯಲ್ಲಿ ಕುಡುಗೋಲು ಕಾಯುತ್ತಿತ್ತು. ಸೊಸೆ ನಡುಮನೆಯಲ್ಲಿ ಜೋಳ ಬೀಸುತ್ತಿದ್ದಳು. ಎದುರಿಗೆ ಮಾವ, ಭಾವಂದಿರು ಕೂತಿದ್ದರು. ಆ ಮನೆಯಲ್ಲಿ ಸೊಸೆಯಾದವಳು ಹಿರಿಯರಿಗೆ ಮುಖ ತೋರಿಸಬಾರದು, ಬೆನ್ನನ್ನೂ ತೋರಿಸಬಾರದು. ಆದ್ದರಿಂದ ಅವಳು ಮೈಯನ್ನು ಅವರ ಕಡೆಗಿಟ್ಟು, ಕತ್ತನ್ನು ಮಾತ್ರ ಬಲಗಡೆಯ ಗೋಡೆಗೆ ತಿರುಚಿಕೊಂಡು ಬೀಸುತ್ತಿದ್ದಳು. ದಿನಾ ಎರಡು ಸೇರು. ಎಂಟು ವರ್ಷದಿಂದ.

"ಈ ಕಲ್ಲನ್ನು ಅಡುಗೆಮನೆಗೆ ಹಾಕಿ" ಎಂದಳು ಮುದುಕಿ.

"ಇದು ನಮ್ಮತ್ತೆ ಇಲ್ಲೇ ನೆಲದಲ್ಲಿ ಹೂಳಿಸಿದ ಕಲ್ಲು. ನೀನು ಕತ್ತು ನೀವೋಳು, ಕತ್ತು ನೀವಿ ಹೋಗು" ಎಂದಳು ಅತ್ತೆ.

"ನಾನು ಬಿಡಿಸಿದ್ದನ್ನು ನೀವು ದಿನಾ ಬೆಳಿಗ್ಗೆ ತಿರುಚುತ್ತೀರಲ್ಲ! ನನ್ನ ಬೆರಳುಗಳೇನು ನಿಮ್ಮ ಮನೆಯ ಜೀತಕ್ಕಿವೆಯೇ?"

ಮುದುಕಿ ಸಿಟ್ಟಿನಿಂದ ಬೀಸುವ ಕಲ್ಲಿನ ಗೂಟವನ್ನು ಕಿತ್ತು ಒಲೆಗೆ ಎಸೆದಳು. ಕುಡುಗೋಲನ್ನು ಎಳೆದು ದನದ ಬಾನಿಯ ನೀರಿಗೆ ಹಾಕಿದಳು.

ಅಂದು ಆ ಮನೆಯಲ್ಲಿ ರೊಟ್ಟಿಯಿಲ್ಲ. ಮರುದಿನ ಕಲ್ಲು ಅಡುಗೆಮನೆಗೆ ಬಂತು, ಹೊಸ ಗೂಟವೂ ಬಂತು. ಮುದುಕಿ ಇನ್ನೂ ನಾಲ್ಕು ವಾರ ಬಂದು ನೀವಿದಳು. ನೋವು ಮತ್ತೆ ಬರಲಿಲ್ಲ.

ಶಿಷ್ಯ ಮತ್ತೆ ಕೇಳಿದ: "ಆದರೂ ಗುರುಗಳೇ, ಇನ್ನೊಬ್ಬರ ಮನೆಯಲ್ಲಿ ಅಷ್ಟು ಕೋಪ ಅತಿಯಾಯಿತಲ್ಲವೇ? ಸಮಾಧಾನದಿಂದ ಹೇಳಬಹುದಿತ್ತು."

ಗುರು ಅವನನ್ನೇ ನೋಡಿ ಹೇಳಿದರು: "ಆ ಹಣೆಗೆ ಎರಡು ಸಲ ಬರೆ ಹಾಕಿದಾಗ ಆ ಮನೆಯವರೆಲ್ಲ ಸಮಾಧಾನದಿಂದಲೇ ಇದ್ದರು."